ಏಳು ಲಡಿ ಎಡಹುರಿ

ಅತ್ತೆ ಬಿದ್ದದ್ದು ನನ್ನ ಎಚ್ಚರಿಕೆಯಿಂದ. ಬಚ್ಚಲಿನ ಬಾಗಿಲಲ್ಲಿ ಒಂದು ಲೋಟದಷ್ಟು ನೀರು ಚೆಲ್ಲಿತ್ತು. ಅವರು ಅದನ್ನು ನೋಡಿಯೂ ಇದ್ದರು, ಗೋಡೆ ಹಿಡಿದು ದಾಟುವವರಿದ್ದರು. ಅಷ್ಟರಲ್ಲಿ ನಾನು ಅಡುಗೆಮನೆಯಿಂದ "ಅತ್ತೆ, ಹುಷಾರು, ನೀರು!" ಎಂದು ಕೂಗಿದೆ. ಏನಾಯಿತೋ ಎಂದು ಅವರು ತಿರುಗಿ ನೋಡಿದರು. ಕಾಲು ಮುಂದಕ್ಕೆ ಹೋಯಿತು, ಮೈ ಹಿಂದಕ್ಕೆ ಬಂತು, ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಪ್ಲಾಸ್ಟರ್ ಹಾಕುವಾತ ಹೇಗೆ ಬಿದ್ದಿರಿ ಎಂದು ಕೇಳಿದಾಗ ಅತ್ತೆ ನನ್ನತ್ತ ಗದ್ದ ಎತ್ತಿ ತೋರಿಸಿದರು.

"ಇವಳು ಬೀಳಬೇಡಿ ಅಂದ್ಲು. ಬಿದ್ದೆ."

ಎಚ್ಚರಿಸುವುದು ನನ್ನ ಸ್ವಭಾವ ಮಾತ್ರವಲ್ಲ, ಉದ್ಯೋಗವೂ ಹೌದು. ಔಷಧಿ ಡಬ್ಬಿಗಳ ಒಳಗೆ ಎಂಟು ಮಡಿಕೆ ಮಾಡಿ ಇಡುವ ಕಾಗದವಿರುತ್ತದಲ್ಲ, ಅದರ ಬರಹವನ್ನು ತಿದ್ದುವವಳು ನಾನು. 'ತಲೆಸುತ್ತು ಬರುತ್ತದೆ' ಎಂದಿದ್ದರೆ 'ಬರಬಹುದು' ಎಂದು ಮಾಡುತ್ತೇನೆ. ಹನ್ನೊಂದು ವರ್ಷದಿಂದ ಅದೇ ಕೆಲಸ. ಆ ಕಾಗದವನ್ನು ಜಗತ್ತಿನಲ್ಲಿ ಬೇರೆ ಯಾರೂ ಓದುವುದಿಲ್ಲ. ಹಾಗಾಗಿ ಅದರಲ್ಲಿರುವ ತೊಂದರೆಗಳೆಲ್ಲ ನನಗೊಬ್ಬಳಿಗೇ ಬರುತ್ತವೆ.

ಪ್ಲಾಸ್ಟರ್ ಆರು ವಾರ ಇರಬೇಕು ಎಂದರು. ಐದು ವಾರದಲ್ಲಿ ಮಗ್ಗದವರಿಗೆ ನೂಲು ಕೊಡಬೇಕಿತ್ತು.

ಮಗ್ಗದವರು ಎಂದರೆ ಊರಾಚೆ ಕಂಬಳಿ ನೇಯುವ ಮುದುಕ. ಮಗ್ಗದ ಉದ್ದಕ್ಕೆ ಹಾಸುವ ಎಳೆ ಗಿರಣಿಯ ನೂಲೇ ಆದರೂ ಅಡ್ಡಕ್ಕೆ ಹೋಗುವ ಹೊಕ್ಕಿಗೆ ಮಾತ್ರ ಕೈನೂಲೇ ಬೇಕು, ಅದೂ ಒಂದೇ ಕೈಯದ್ದು ಬೇಕು ಎನ್ನುವ ಹಟ ಅವರದು. ಇಪ್ಪತ್ತಾರು ವರ್ಷದಿಂದ ಆ ಕೈ ನಮ್ಮ ಅತ್ತೆಯದು. ಸಲಕ್ಕೆ ಹದಿನಾರು ಲಡಿ, ಎಂದರೆ ಸುತ್ತಿ ಕಟ್ಟಿದ ನೂಲಿನ ಹದಿನಾರು ಕಟ್ಟು. ಈ ಸಲ ಒಂಬತ್ತಾಗಿತ್ತು, ಏಳು ಬಾಕಿ. ನನ್ನ ಗಂಡನನ್ನು ಕೇಳಿಕೊಂಡು ಬರುವವರಿದ್ದಾರೆ, ನನ್ನನ್ನು ಕೇಳಿಕೊಂಡು ಕೊರಿಯರ್‌ನವರಾದರೂ ಬರುತ್ತಾರೆ. ಅತ್ತೆಯನ್ನೇ ಕೇಳಿಕೊಂಡು ನಮ್ಮ ಬಾಗಿಲಿಗೆ ಬರುವವರು ಆ ಮುದುಕ ಒಬ್ಬರೇ. ಅವರು ಬರುವ ದಿನ ಅತ್ತೆ ಬೆಳಗಿನಿಂದ ಮೂರು ಸಲ ತಲೆ ಬಾಚಿಕೊಳ್ಳುತ್ತಿದ್ದರು, ಕೇಳಿದರೆ ಸೆಕೆ ಎನ್ನುತ್ತಿದ್ದರು.

ಮೇಲಿನ ಮಹಡಿಯಲ್ಲಿ ಇನ್ನೊಬ್ಬಾಕೆ ನೂಲುತ್ತಾಳೆ. ಬಾಲ್ಕನಿಯಲ್ಲಿ ನಿಂತು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎಲ್ಲವನ್ನೂ ನೋಡುವುದರಿಂದ ಅತ್ತೆ ಆಕೆಗೆ ದುರ್ಬೀನು ಎಂದು ಹೆಸರಿಟ್ಟಿದ್ದರು. ಅತ್ತೆಯ ಜಾಗ ಯಾವಾಗ ಖಾಲಿಯಾಗುತ್ತದೋ ಎಂದು ಆಕೆ ಕಾದಿದ್ದಳು.

"ಅವಳ ನೂಲು ನೋಡಿದೀಯಾ?" ಆಸ್ಪತ್ರೆಯಿಂದ ಬಂದ ಸಂಜೆ ಅತ್ತೆ ಕೇಳಿದರು. "ಹಾವು ಇಲಿ ನುಂಗಿದ ಹಾಗೆ. ಒಂದು ಗೇಣು ಸಣ್ಣ, ಆಮೇಲೊಂದು ಹೊಟ್ಟೆ. ಅದು ಹೋಗಿ ನನ್ನ ಜಾಗದಲ್ಲಿ ಕೂರಬೇಕಾ?"

"ಮಗ್ಗದವರಿಗೆ ವಿಷಯ ಹೇಳೋಣ ಅತ್ತೆ. ಎರಡು ತಿಂಗಳು ತಡ ಮಾಡಿ ಅಂತ..."

"ಹೇಳ್ತಾರೆ, ಪಾಪ, ನೀವು ಆರಾಮ ತಗೊಳ್ಳಿ ಅಕ್ಕಾ ಅಂತ. ಈ ವಯಸ್ಸಲ್ಲಿ ಒಂದು ಸಲ ಆರಾಮ ಅಂದ್ರೆ ಮುಗೀತು. ಆಮೇಲೆ ಎದ್ದೇಳು ಅಂತ ಯಾರೂ ಹೇಳಲ್ಲ." ಅವರು ಪ್ಲಾಸ್ಟರನ್ನು ದಿಂಬಿನ ಮೇಲೆ ಇಟ್ಟುಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಉರುಳಿಸಿದವಳು ನೀನು. ನೀನೇ ನೂಲು."

ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ನೂಲುವುದು ಅವರೇ ಏಕೆ ಕಲಿಯಬಾರದು ಎಂದು ನಾನು ಮೆತ್ತಗೆ ಕೇಳಿದೆ.

"ನಂದು ಮೇಲೆ ಕೆಳಗೆ ಹೋಗೋ ವ್ಯವಹಾರ," ಎಂದರು. "ಸುತ್ತೋದು ನಂಗೆ ಬರಲ್ಲ. ಮತ್ತೆ ಕೈಯೆಲ್ಲ ಗ್ರೀಸು."

"ಉಣ್ಣೇಲೂ ಗ್ರೀಸೇ ಇರೋದು ಕಣೋ ದಡ್ಡ," ಎಂದರು ಅತ್ತೆ. ಆದರೆ ಅವರನ್ನು ಬಿಟ್ಟುಬಿಟ್ಟರು. ಮಗ ಉರುಳಿಸಿರಲಿಲ್ಲವಲ್ಲ.

ಉಣ್ಣೆಯಲ್ಲಿ ಗ್ರೀಸೇ ಇತ್ತು. ಅದೊಂದೇ ಇದ್ದಿದ್ದರೆ ಪರವಾಗಿರಲಿಲ್ಲ. ಮಂಚದ ಕೆಳಗಿನಿಂದ ಮೂಟೆ ಎಳೆದು ಬಿಚ್ಚಿದಾಗ, ಕುರಿ ತಾನು ಬರದೆ ತನ್ನ ಬದುಕನ್ನೆಲ್ಲ ಕಳಿಸಿಕೊಟ್ಟಂತಿತ್ತು. ಮುಳ್ಳು, ಹುಲ್ಲು, ಒಣಗಿದ ಹಿಕ್ಕೆ, ಕಾಲುಗಳೆಲ್ಲ ನೆಟ್ಟಗಿದ್ದ ಒಂದು ಸತ್ತ ಜೀರುಂಡೆ. ನಾನು ಕೈಗವಸು ತಂದುಕೊಂಡೆ, ಮೂಗಿಗೆ ಬಟ್ಟೆ ಕಟ್ಟಿಕೊಂಡೆ. ಅತ್ತೆ ನೋಡುತ್ತಾ ಕುಳಿತರು.

"ಆಪರೇಷನ್ ಯಾವಾಗ ಡಾಕ್ಟ್ರೇ?"

ತೊಳೆಯುವುದು ಹೇಗೆಂದು ಅವರು ಹೇಳಿದ್ದರು: ಬಿಸಿನೀರಲ್ಲಿ ಅದ್ದು, ಸುಮ್ಮನೆ ಬಿಡು, ಎತ್ತು. ಸುಮ್ಮನೆ ಬಿಡುವುದು ನನ್ನಿಂದಾಗುವ ಕೆಲಸವಲ್ಲ. ಹಿಕ್ಕೆ ಇದ್ದ ವಸ್ತು ಸುಮ್ಮನೆ ಬಿಟ್ಟರೆ ಶುದ್ಧವಾಗುತ್ತದೆಂದು ನಂಬಲು ನನಗೆ ಆಗಲಿಲ್ಲ. ಸೋಪು ಹಾಕಿ ಎರಡೂ ಕೈಯಲ್ಲಿ ಉಜ್ಜಿದೆ, ಹಿಂಡಿದೆ, ತಣ್ಣೀರಲ್ಲಿ ಜಾಲಿಸಿ ಮತ್ತೆ ಉಜ್ಜಿದೆ. ಅರ್ಧ ಗಂಟೆಯ ನಂತರ ಬಕೆಟ್ಟಿನಿಂದ ಹೊರಬಂದದ್ದು ಉಣ್ಣೆಯಲ್ಲ, ಒಂದು ಹಲಗೆ. ಎಳೆಗಳೆಲ್ಲ ಒಂದನ್ನೊಂದು ಕಚ್ಚಿಕೊಂಡು ಗಟ್ಟಿಯಾಗಿದ್ದವು.

ಅತ್ತೆ ಅದನ್ನು ಎಡಗೈಯಿಂದ ತಟ್ಟಿ ನೋಡಿದರು. "ಚೆನ್ನಾಗಿದೆ. ಚಪ್ಪಲಿಗೆ ಅಟ್ಟೆ ಹಾಕಿಸಬಹುದು."

ಎರಡನೆಯ ಬಾರಿ ಬಕೆಟ್ಟಿನ ಪಕ್ಕದಲ್ಲಿ ಕೈಕಟ್ಟಿ ಕುಳಿತೆ. ಉಣ್ಣೆ ತಾನೇ ಶುದ್ಧವಾಯಿತು. ಅದು ನನಗೆ ಸ್ವಲ್ಪ ಅವಮಾನವೆನಿಸಿತು. ಒಣಗಿದ ಮೇಲೆ ಬಿಡಿಸುವುದು, ಆಮೇಲೆ ತಂತಿಹಲ್ಲಿನ ಎರಡು ಹಲಗೆಗಳ ನಡುವೆ ಬಾಚುವುದು. ಬಾಚುವಾಗ ಮೊದಲ ದಿನ ಉಣ್ಣೆಗಿಂತ ನನ್ನ ಬೆರಳ ಗೆಣ್ಣುಗಳೇ ಹೆಚ್ಚು ಬಾಚಿಸಿಕೊಂಡವು. ಬಾಚಿದ್ದನ್ನು ಸುರುಳಿ ಸುತ್ತಿದರೆ ಹಂಜಿ. ನನ್ನ ಮೊದಲ ಹಂಜಿಯನ್ನು ನೋಡಿ ಗಂಡ, ಇದು ಬೆಕ್ಕು ಕಕ್ಕಿದ್ದಾ ಎಂದು ಕೇಳಿದರು. ನಮ್ಮಲ್ಲಿ ಬೆಕ್ಕಿಲ್ಲ.

ಆಮೇಲೆ ತಕಲಿ. ಬೆತ್ತದಷ್ಟು ದಪ್ಪದ ಕಡ್ಡಿ, ತುದಿಯಲ್ಲಿ ಕೊಕ್ಕೆ, ಕೆಳಗೆ ಭಾರಕ್ಕೊಂದು ಮರದ ಬಿಲ್ಲೆ. ಅದನ್ನು ಎಳೆಯಲ್ಲಿ ನೇತುಬಿಟ್ಟು ಬುಗುರಿಯಂತೆ ತಿರುಗಿಸಬೇಕು. ಅದು ತಿರುಗುತ್ತಾ ಎಳೆಗೆ ಹುರಿ ತುಂಬುತ್ತದೆ, ಹುರಿ ಮೇಲಕ್ಕೆ ಏರಿ ಬರುವಷ್ಟರಲ್ಲಿ ಇನ್ನೊಂದು ಕೈ ಹಂಜಿಯಿಂದ ಇನ್ನಷ್ಟು ಎಳೆಯಬೇಕು. ಅತ್ತೆಯ ಬಲಗೈ ಪ್ಲಾಸ್ಟರಿನಲ್ಲಿತ್ತಲ್ಲ, ಅವರು ಎಡಗೈಯಲ್ಲಿ ತಕಲಿಯನ್ನು ಒಮ್ಮೆ ಗಿರಕಿ ಹೊಡೆಸಿ, "ಹೀಗೆ," ಎಂದರು. ಎಳೆ ಒಂದು ಗೇಣು ಬಂದು ಕಡಿಯಿತು. "ನನ್ನ ಕೈ ನೋಡಬೇಡ, ತಿರುಗೋದು ನೋಡಿದ್ಯಲ್ಲ, ಅಷ್ಟೇ."

ನಾನು ನೋಡಿದ್ದೆ. ಎಷ್ಟು ಚೆನ್ನಾಗಿ ನೋಡಿದ್ದೆನೆಂದರೆ, ಅದು ಯಾವ ದಿಕ್ಕಿಗೆ ತಿರುಗಿತೋ ಅದನ್ನು ಪುಸ್ತಕದಲ್ಲಿ ಬಾಣದ ಗುರುತು ಹಾಕಿ ಬರೆದುಕೊಂಡೆ. ಮುಂದೆ ಪ್ರತಿ ಬಾರಿಯೂ ಆ ಬಾಣದ ಪ್ರಕಾರವೇ ತಿರುಗಿಸಿದೆ. ಬಲಗೈ ಹೆಬ್ಬೆರಳಿಗೆ ಅದು ಒಗ್ಗದ ಚಲನೆ, ಎರಡೇ ದಿನಕ್ಕೆ ಬುಡ ಊದಿಕೊಂಡಿತು. ಕಲಿಯುವಾಗ ನೋವು ಇರಬಹುದು ಎಂದು ಸುಮ್ಮನಾದೆ.

ಮೊದಲ ವಾರ ತಕಲಿ ನೆಲಕ್ಕೆ ಬಿದ್ದದ್ದಕ್ಕೆ ಲೆಕ್ಕವಿಲ್ಲ. ಕೆಳಮನೆಯವರು ಬಂದು ನಿಮ್ಮಲ್ಲಿ ಗೋಲಿ ಆಡುತ್ತಾರಾ ಎಂದು ವಿಚಾರಿಸಿದರು. ಎಳೆ ಕಡಿಯುತ್ತದೆಂಬ ಭಯಕ್ಕೆ ನಾನು ಹುರಿ ಹೆಚ್ಚು ಹಾಕುತ್ತಿದ್ದೆ. ಹೆಚ್ಚಾದ ಹುರಿಗೆ ಎಳೆ ಹಂದಿಯ ಬಾಲದಂತೆ ತನಗೆ ತಾನೇ ಸುತ್ತಿಕೊಳ್ಳುತ್ತಿತ್ತು.

"ಉಸಿರು ಬಿಡೆ," ಎನ್ನುತ್ತಿದ್ದರು ಅತ್ತೆ. "ನೀನು ಉಸಿರು ಹಿಡ್ಕೊಂಡ್ರೆ ಅದೂ ಹಿಡ್ಕೊಳ್ಳುತ್ತೆ."

"ಕಡಿದು ಬಿಟ್ರೆ ಅಂತ..."

"ಕಡಿದ್ರೆ ಏನಾಗುತ್ತೆ? ಕುರಿ ಬಂದು ಕೇಳುತ್ತಾ? ಎರಡು ತುದಿ ಬಿಡಿಸು, ಉಗುಳು ಹಚ್ಚು, ಸೇರಿಸು. ನೂಲೋದು ಅಂದ್ರೆ ಮುಕ್ಕಾಲು ಪಾಲು ಉಗುಳು."

ಕಚೇರಿಯಲ್ಲಿ 'ಚರ್ಮ ಕೆಂಪಾಗಬಹುದು' ಎಂದು ತಿದ್ದುವಾಗಲೂ ನನ್ನ ಬೆರಳುಗಳು ಮೇಜಿನಡಿಯಲ್ಲಿ ಇಲ್ಲದ ಉಣ್ಣೆಯನ್ನು ಎಳೆಯುತ್ತಿದ್ದವು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ತಕಲಿ ಹಿಡಿಯುತ್ತಿದ್ದೆ. ಮೊದಲ ಲಡಿಯನ್ನು ಅತ್ತೆ ಎರಡೇ ಬೆರಳಲ್ಲಿ ಎತ್ತಿ ಪೆಟ್ಟಿಗೆಗೆ ಬಿಟ್ಟರು. ಎರಡನೆಯದಕ್ಕೆ, ದುರ್ಬೀನಿಗೆ ಅಕ್ಕ ಆಗಬಹುದು ಎಂದರು. ಮೂರನೆಯದು, ನಾಲ್ಕನೆಯದು ಆದ ಮೇಲೆ ಬೆಳಕಿಗೆ ಹಿಡಿದು ದಪ್ಪ ನೋಡುವುದು, ಹೂಂ ಎನ್ನುವುದು, ಪೆಟ್ಟಿಗೆಗೆ ಹಾಕುವುದು. ದಪ್ಪ ಒಂದೇ ಅವರು ನೋಡಿದ್ದು. ಹುರಿ ಯಾವ ಕಡೆ ಇದೆ ಎಂದು ನೋಡಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ಅನ್ನ ಕಿವಿಗೆ ಹಾಕಿಕೊಂಡೆಯಾ ಬಾಯಿಗಾ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ.

ಮಗ್ಗದವರಿಗೆ ಅತ್ತೆ ಫೋನಿನಲ್ಲಿ, ಕೈ ಸ್ವಲ್ಪ ಉಳುಕಿತ್ತು ಈಗ ಸರಿಯಾಗಿದೆ ಎಂದು ಹೇಳಿದ್ದರು. "ನೀನು ಮಾತ್ರ ಬಾಯಿ ಬಿಡಬೇಡ," ಎಂದು ನನಗೆ ತಾಕೀತು ಮಾಡಿದ್ದರು. "ನಿನ್ನ ಮುಖ ಸರಿಯಿಲ್ಲ. ಸುಳ್ಳು ಹೇಳೋಕೆ ಮುಂಚೆನೇ ತಪ್ಪೊಪ್ಪಿಗೆ ಕೊಡುತ್ತೆ." ನೂಲು ಒಯ್ಯುವ ದಿನ ಪ್ಲಾಸ್ಟರಿನ ಮೇಲೆ ಶಾಲು ಹೊದ್ದು ಕುಳಿತರಾಯಿತು, ಎರಡು ನಿಮಿಷದ ಮಾತು, ಎಂದು ಅವರ ಅಂದಾಜು.

ಆದರೆ ಮಗ್ಗದವರು ಮೂರು ದಿನ ಮೊದಲೇ ಬಂದರು. ಭಾನುವಾರ ಮಧ್ಯಾಹ್ನ. ಆರು ಲಡಿ ಪೆಟ್ಟಿಗೆಯಲ್ಲಿತ್ತು, ಏಳನೆಯದರ ಕೊನೆಯ ಭಾಗ ತಕಲಿಯ ಮೇಲೆ. ಬೆಲ್ ಆದಾಗ ನಾನು ತಕಲಿಯನ್ನು ಕುರ್ಚಿಯ ಮೇಲಿಟ್ಟು ಬಾಗಿಲು ತೆರೆದೆ. ಅವರ ಕಣ್ಣು ನನ್ನನ್ನು ದಾಟಿ ನೇರ ಅತ್ತೆಯ ಪ್ಲಾಸ್ಟರಿಗೆ ಹೋಯಿತು.

"ಮೇಲಿನ ಮನೆಯವರು ಹೇಳಿದಾಗ ನಾನು ನಂಬಲಿಲ್ಲ ಅಕ್ಕಾ," ಎಂದರು.

ಅತ್ತೆ ಶಾಲಿಗಾಗಿ ಸುತ್ತ ನೋಡಿದರು, ತಡವಾಯಿತೆಂದು ಅರಿತರು, ಗದ್ದ ಎತ್ತಿದರು. "ಏನು ಹೇಳಿದ್ಲು?"

"ಮೂಳೆ ಮುರಿದು ತಿಂಗಳಾಯ್ತು, ನೂಲು ಬೇರೆ ಯಾರದೋ ಕೈಯದು ಅಂತ. ನಾಳೆಯಿಂದ ತಾನೇ ಕೊಡ್ತೀನಿ ಅಂದ್ರು."

"ಕೊಡ್ತಾಳೆ, ಕೊಡ್ತಾಳೆ. ಕೂತ್ಕೊಳಪ್ಪ. ಟೀ ತಾರೆ."

ನಾನು ಟೀಗೆ ಹೋಗಲಿಲ್ಲ. ಪೆಟ್ಟಿಗೆಯ ಪಕ್ಕದಲ್ಲೇ ನಿಂತೆ. ಮಗ್ಗದವರು ಪೆಟ್ಟಿಗೆ ತೆರೆದರು. ಅತ್ತೆಯ ಒಂಬತ್ತು ಲಡಿಗಳನ್ನು ಮುಟ್ಟಿ ಪಕ್ಕಕ್ಕಿಟ್ಟರು. ನನ್ನದೊಂದನ್ನು ಎತ್ತಿ, ಎಳೆಯ ತುದಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಒಂದು ಸಲ ಹೊಸೆದರು. ನಿಲ್ಲಿಸಿದರು. ಕನ್ನಡಕ ಹಾಕಿಕೊಂಡು ಮತ್ತೆ ಹೊಸೆದರು.

"ಅಕ್ಕಾ, ಇದು ಎಡಹುರಿ."

ಬಾಣದ ಗುರುತು ಕಣ್ಣ ಮುಂದೆ ಬಂತು. ಅತ್ತೆ ಎಡಗೈಯಲ್ಲಿ ತೋರಿಸಿದ್ದರು, ಎಡಗೈ ತಿರುಗಿಸಿದರೆ ತಕಲಿ ಉಲ್ಟಾ ತಿರುಗುತ್ತದೆ, ನಾನು ಬಲಗೈಯವಳು ಅದನ್ನು ಪ್ರಾಮಾಣಿಕವಾಗಿ ಉಲ್ಟಾ ತಿರುಗಿಸಿಕೊಂಡು ಬಂದಿದ್ದೆ. ಪ್ರಪಂಚದ ಬಲಗೈಯವರೆಲ್ಲ ಒಂದು ಕಡೆ, ನಾನೊಂದು ಕಡೆ. ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದಿ ಸಿದ್ಧಮಾಡಿಕೊಂಡೆ: ತಪ್ಪು ನನ್ನದು, ಅತ್ತೆಯದಲ್ಲ.

ಅತ್ತೆಯ ಮುಖದ ಮೇಲೆ ಒಂದೇ ಕ್ಷಣ ಗಾಬರಿ ಹಾದು ಹೋದದ್ದನ್ನು ನಾನು ಕಂಡೆ. ಬೇರೆ ಯಾರೂ ಕಂಡಿರಲಾರರು.

"ಎಡಗೈಯಲ್ಲಿ ನೂತ್ರೆ ಎಡಹುರಿ ಬರದೆ ಇನ್ನೇನು ಬರುತ್ತೆ?" ಎಂದರು.

ಮಗ್ಗದವರು ಕನ್ನಡಕ ತೆಗೆದರು. "ಎಡಗೈಯಲ್ಲಿ? ನೀವಾ?"

"ಬಲಗೈ ಮುರಿದಿದೆ ಅಂತ ಅವಳೇ ಹೇಳಿದ್ಲಲ್ಲ. ಸುಮ್ನೆ ಕೂತ್ಕೊಳ್ಳೋಕೆ ಆಗುತ್ತಾ?"

ಆ ಮನುಷ್ಯ ನೆಲದ ಮೇಲೆ ಕುಳಿತುಬಿಟ್ಟರು. ಆರು ಲಡಿಗಳನ್ನು ಸಾಲಾಗಿ ಇಟ್ಟುಕೊಂಡರು. ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ಅವರಿಗೆ ಯಾರೂ ಹೇಳಬೇಕಾಗಲಿಲ್ಲ. "ಇದು ಮೊದಲನೇದು. ನೋಡಿ, ಎಷ್ಟು ಬಿಗಿ. ಕೈಗೆ ಭಯ. ಎಲ್ಲಿ ಕಡಿಯುತ್ತೋ ಅಂತ ಕಟ್ಟಿ ಹಾಕಿಬಿಟ್ಟಿದೆ. ಇದರಲ್ಲಿ..." ಎರಡನೆಯದನ್ನು ಮುಟ್ಟಿದರು, "ಇಲ್ಲಿ ಸಿಟ್ಟು ಬಂದಿದೆ. ದಪ್ಪ, ಸಣ್ಣ, ದಪ್ಪ. ಯಾರೋ ಬೈದಿರಬೇಕು."

"ನನ್ನನ್ನ ಯಾರು ಬೈತಾರೆ," ಎಂದರು ಅತ್ತೆ, ಮೆಲ್ಲಗೆ.

"ಇದು ನಾಲ್ಕನೇದು. ಇಲ್ಲಿ ಭಯ ಹೋಗಿದೆ ಅಕ್ಕಾ. ಇಲ್ಲಿ, ಇಲ್ಲೇ." ಅವರ ಬೆರಳು ನಿಂತ ಜಾಗ ನನಗೆ ನೆನಪಿತ್ತು. ಒಂದು ಗುರುವಾರ, ಹೊರಗೆ ಯಾರೋ ಕಾರಿನ ಹಾರನ್ ಒತ್ತಿ ಹಿಡಿದಿದ್ದರು, ಎಳೆ ಕಡಿಯದೆ ಮೊಳಗಟ್ಟಲೆ ಬಂದಿತ್ತು, ಮತ್ತು ಆ ಹೊತ್ತಿನಲ್ಲಿ ನಾನು ಯಾವುದಕ್ಕೂ ಹೆದರಿರಲಿಲ್ಲ. ಅದನ್ನು ನಾನು ಗಂಡನಿಗೂ ಹೇಳಿರಲಿಲ್ಲ. "ಆಮೇಲೆ ಇದು. ಈ ಆರನೇದು ನೋಡಿ, ಇದು ಕಲಿತ ಕೈ. ಎಪ್ಪತ್ತರ ಮೇಲೆ, ಇರೋ ವಿದ್ಯೆನೆಲ್ಲ ಬದಿಗಿಟ್ಟು, ಎಡಗೈಗೆ ಮೊದಲಿಂದ ಅಕ್ಷರಾಭ್ಯಾಸ ಮಾಡಿಸಿದೀರಿ." ಅವರ ಕಣ್ಣು ಒದ್ದೆಯಾಗಿತ್ತು. ಅತ್ತೆ ಕಿಟಕಿಯ ಕಡೆ ನೋಡುತ್ತಿದ್ದರು.

ಹನ್ನೊಂದು ವರ್ಷ ನಾನು ಬರೆದದ್ದನ್ನು ಯಾರೂ ಓದಿರಲಿಲ್ಲ. ಈಗ ಒಬ್ಬರು ಓದಿದ್ದಾರೆ, ಸಾಲು ಸಾಲು, ತಪ್ಪಿಲ್ಲದೆ. ಓದಿ ಇನ್ನೊಬ್ಬರಿಗೆ ಕೈ ಮುಗಿಯುತ್ತಿದ್ದಾರೆ.

"ಒಂದೇ ಒಂದು ಮೊಳ ನೂತು ತೋರಿಸಿ ಅಕ್ಕಾ," ಎಂದರು ಮಗ್ಗದವರು, ಕುರ್ಚಿಯ ಮೇಲಿದ್ದ ತಕಲಿಯನ್ನು ಎತ್ತಿ ಮುಂದೆ ಹಿಡಿದು. "ಈ ಕಣ್ಣಲ್ಲಿ ನೋಡಿಬಿಡ್ತೀನಿ. ಆಮೇಲೆ ಮೇಲಿನವರಿಗೆ ಏನು ಹೇಳಬೇಕೋ ನಾನು ಹೇಳ್ತೀನಿ."

ಕೋಣೆ ಚಿಕ್ಕದಾಯಿತು. ಅತ್ತೆಯ ಎಡಗೈ ಒಂದು ಗೇಣು ನೂಲಬಲ್ಲದು, ಅದೂ ಕಡಿಯುವ ಗೇಣು. ಅವರು ತಕಲಿಯನ್ನು ತೆಗೆದುಕೊಳ್ಳಲಿಲ್ಲ.

"ಬೆಳಗ್ಗಿಂದ ನೂತು ಎಡಗೈಯೂ ಬಿದ್ದು ಹೋಗಿದೆ," ಎಂದರು. ಆಮೇಲೆ ಗಾಬರಿಯಲ್ಲಿ ಹೇಳಬಾರದ ಮಾತೊಂದನ್ನು ಹೇಳಿದರು. "ಸೊಸೆಗೂ ಹೇಳಿಕೊಟ್ಟಿದೀನಿ. ಅವಳು ತೋರಿಸ್ತಾಳೆ."

ಹೇಳಿದ ಮರುಕ್ಷಣ ಅವರಿಗೇ ಗೊತ್ತಾಯಿತು. ಮಗ್ಗದವರು ತಕಲಿಯನ್ನು ನನ್ನತ್ತ ತಿರುಗಿಸಿದರು. ನಾನು ಅದನ್ನು ದಿನವೂ ತಿರುಗಿಸುವ ಹಾಗೆ ತಿರುಗಿಸಿದರೆ, ಊರಿಗೆಲ್ಲ ಬಲಗೈಯಲ್ಲಿ ಎಡಹುರಿ ಹಾಕುವ ಒಬ್ಬಳೇ ಹೆಂಗಸು ಯಾರೆಂದು ಅವರಿಗೆ ತಿಳಿಯುತ್ತದೆ. ಆರು ಲಡಿಯೂ ನನ್ನದಾಗುತ್ತದೆ. ನಾಲ್ಕನೆಯದರ ಆ ಜಾಗವೂ. ಆಮೇಲೆ ಅವರು ಮೆಟ್ಟಿಲು ಹತ್ತಿ ದುರ್ಬೀನಿನ ಮನೆಗೆ ಹೋಗುತ್ತಾರೆ, ಅತ್ತೆ ಆರಾಮ ತೆಗೆದುಕೊಳ್ಳುತ್ತಾರೆ.

ಅತ್ತೆ ನನ್ನನ್ನು ನೋಡಿದರು. ಬೇಡಿಕೊಳ್ಳುವ ನೋಟವಲ್ಲ, ಅದು ಅವರಿಗೆ ಬರುವುದಿಲ್ಲ. ನೀನು ಏನು ಬೇಕಾದರೂ ಮಾಡು ಎನ್ನುವ ನೋಟ. ಅದಕ್ಕಿಂತ ಬೇಡಿಕೊಂಡಿದ್ದರೆ ವಾಸಿಯಿತ್ತು.

ನಾನು ಕೊಕ್ಕೆಗೆ ಎಳೆ ಸಿಕ್ಕಿಸಿದೆ. ತಕಲಿಯನ್ನು ಬಲಕ್ಕೆ, ಪ್ರಪಂಚದವರೆಲ್ಲ ತಿರುಗಿಸುವ ಕಡೆಗೆ ಗಿರಕಿ ಹೊಡೆಸಿದೆ. ಹೆಬ್ಬೆರಳಿಗೆ ಎಷ್ಟು ಸುಲಭವಾಯಿತೆಂದರೆ, ಐದು ವಾರದ ನೋವು ನೆನೆದು ಅಳು ಬಂತು. ತಕಲಿಯ ಮೇಲಿದ್ದ ಎಡಹುರಿಯ ಎಳೆ ಒಂದೊಂದೇ ಸುತ್ತು ಬಿಚ್ಚಿಕೊಂಡಿತು, ಸಡಿಲವಾಯಿತು, ಹತ್ತಿಯಂತೆ ಅರಳಿತು, ಬಿಟ್ಟಿತು. ತಕಲಿ ನೇರ ಹೋಗಿ ಮಗ್ಗದವರ ಕಾಲಿನ ಹೆಬ್ಬೆರಳ ಮೇಲೆ ಬಿತ್ತು.

"ಅಯ್ಯಪ್ಪಾ," ಎಂದು ಅವರು ಕಾಲು ಹಿಡಿದುಕೊಂಡು ನಗತೊಡಗಿದರು. "ಅಮ್ಮಾ, ಎಡಹುರಿ ಎಳೇನ ಬಲಕ್ಕೆ ತಿರುಗಿಸಿದ್ರೆ ಇನ್ನೇನಾಗುತ್ತೆ? ದಿಕ್ಕೇ ಗೊತ್ತಿಲ್ವಲ್ಲ ನಿಮಗೆ. ಓದಿದವರು ಅಂತಾರೆ."

"ಗೊತ್ತಾಗಲಿಲ್ಲ," ಎಂದೆ. ಮುಖ ಬಿಸಿಯಾಗಿತ್ತು. ಅದನ್ನು ಅವರು ನಾಚಿಕೆ ಎಂದುಕೊಂಡರು.

"ಮನೇಲೇ ಇಂಥ ಗುರು ಇಟ್ಕೊಂಡು..." ಎಂದು ತಲೆ ಅಲ್ಲಾಡಿಸಿದರು. ಎಡ ಯಾವುದು, ಬಲ ಯಾವುದು ಎಂದು ಕಾಲು ಗಂಟೆ ನನಗೆ ಪಾಠ ಮಾಡಿದರು. ನಾನು ಹೂಂಗುಟ್ಟಿದೆ. ಟೀ ಕುಡಿಯುತ್ತಾ ಅತ್ತೆಗೆ ವಿವರಿಸಿದರು: ಬಲಹುರಿಯ ಪಕ್ಕ ಎಡಹುರಿ ನೇಯ್ದರೆ ಎರಡರ ಮೇಲೂ ಬೆಳಕು ಬೇರೆ ಬೇರೆ ಕಡೆ ವಾಲುತ್ತದೆ, ಒಂದೇ ಬಣ್ಣದ ಕಂಬಳಿಯಲ್ಲಿ ಪಟ್ಟೆ ಕಾಣುತ್ತದೆ, ಅದನ್ನು ನೇಯಬೇಕೆಂದು ಅವರಿಗೆ ಎಷ್ಟೋ ವರ್ಷದ ಆಸೆ, ಎಡಗೈಯವರು ಒಬ್ಬರೂ ಸಿಕ್ಕಿರಲಿಲ್ಲ. "ಏಳನೇದು ಮುಗಿಸಿ ಕಳಿಸಿ. ಮುಂದಿನ ಸಲ ಎಂಟು ಬಲ, ಎಂಟು ಎಡ. ನಿಮ್ಮದೇ ಎರಡೂ ಕೈ ಅಕ್ಕಾ, ಬೇರೆಯವರದು ಬೇಡ." ಹದಿನೈದು ಲಡಿ ಕಟ್ಟಿಕೊಂಡು, ಸ್ವಲ್ಪ ಕುಂಟುತ್ತಾ ಹೊರಟರು. ಮೆಟ್ಟಿಲಲ್ಲಿ ಅವರು ಮೇಲಕ್ಕೆ ಹೋಗಿ ಯಾರಿಗೋ ಜೋರಾಗಿ ಏನೋ ಹೇಳುವುದು ಕೇಳಿಸಿತು.

ನಾನು ನೆಲದ ಮೇಲಿನ ಉಣ್ಣೆಯನ್ನು ಆರಿಸಿದೆ. ಅತ್ತೆ ಖಾಲಿ ಪೆಟ್ಟಿಗೆಯ ಮುಚ್ಚಳವನ್ನು ಎಡಗೈಯಿಂದ ತೆರೆದು ಮುಚ್ಚಿ ಮಾಡುತ್ತಿದ್ದರು.

"ಏನಂದ ಅವನು?" ಕೊನೆಗೆ ಕೇಳಿದರು. "ಮೂರನೇದ್ರಲ್ಲಿ ಭಯ ಹೋಗಿದೆ ಅಂತಾ?"

"ನಾಲ್ಕನೇದ್ರಲ್ಲಿ."

"ನಾಲ್ಕನೇದು." ಅವರು ಪ್ಲಾಸ್ಟರಿನ ಅಂಚನ್ನು ಕೆರೆದುಕೊಂಡರು. "ನಂಗೆ ಕಾಣಿಸಿರಲಿಲ್ಲ ಕಣೆ. ನಾನು ದಪ್ಪ ನೋಡ್ತಿದ್ದೆ."

"ಹೂಂ."

"ಎಂಟು ಎಡ ಬೇಕಂತೆ."

"ಕೇಳಿಸ್ಕೊಂಡೆ."

"ನೀನು..."

"ನಾನು ಏಳನೇದು ಮುಗಿಸ್ತೀನಿ ಅತ್ತೆ. ಮುಂದಿನ ಎಂಟು ನಿಮ್ಮದು. ಅವರು ಮತ್ತೆ ಬಂದು ತೋರಿಸಿ ಅಂತಾರೆ, ಆಗ ನಾನು ಇನ್ನೊಂದು ಸಲ ಅವರ ಕಾಲ ಮೇಲೆ ಹಾಕೋಕಾಗಲ್ಲ." ಇಷ್ಟು ಉದ್ದದ ಮಾತನ್ನು, ಒಂದೂ 'ಬಹುದು' ಇಲ್ಲದೆ, ನಾನು ಅವರ ಮುಂದೆ ಆಡಿದ್ದು ಅದೇ ಮೊದಲು.

ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಎಡಗೈ ಚಾಚಿದರು. ನಾನು ಅದರಲ್ಲಿ ತಕಲಿ ಇಟ್ಟೆ, ಹಂಜಿಯನ್ನು ಪ್ಲಾಸ್ಟರಿನಿಂದ ಹೊರಗಿದ್ದ ಬೆರಳ ತುದಿಗಳಿಗೆ ಸಿಕ್ಕಿಸಿದೆ. ಅವರು ತಿರುಗಿಸಿದರು. ಒಂದು ಗೇಣು ಬಂತು. ಹಂದಿಯ ಬಾಲವಾಯಿತು. ಕಡಿಯಿತು. ತಕಲಿ ನೆಲದ ಮೇಲೆ ಉರುಳಿ ಸೋಫಾದ ಕೆಳಗೆ ಹೋಯಿತು.

"ನಗಬೇಡ," ಎಂದರು.

"ನಗ್ತಿಲ್ಲ," ಎಂದೆ, ಸೋಫಾದ ಕೆಳಗಿನಿಂದ.